ಬೀಜದ ಚೀಟಿ ಓದುವವರು ಎಲುಬಿನ ಚೀಟಿ ಯಾಕೆ ಓದಬಾರದು?

ನಮ್ಮ ಉಂಡವಳ್ಳಿ ಕಡೆಯ ರೈತನ ಕೈಯಾಗ ಒಂದು ಬೀಜದ ಪಾಕೀಟು ಕೊಟ್ಟು ನೋಡ್ರಿ. ಮುಂದಿನ ಬಣ್ಣದ ಚಿತ್ರವನ್ನು ಅವನು ನೋಡುವುದೇ ಇಲ್ಲ. ಹಿಂದಕ್ಕೆ ತಿರುವುತ್ತಾನೆ. ಲಾಟ್ ನಂಬರ್ ಏನು, ಮೊಳಕೆ ನೂರಕ್ಕೆ ಎಷ್ಟು, ಪರೀಕ್ಷೆ ಮಾಡಿದ ತಾರೀಕು ಯಾವುದು, ಅವಧಿ ಎಂದು ಮುಗಿಯುತ್ತದೆ, ಎಲ್ಲ ಓದುತ್ತಾನೆ. ಬಿಲ್ಲು ಬರೆಸಿಕೊಳ್ಳುತ್ತಾನೆ. ಬಿತ್ತಿದ ಮೇಲೂ ಖಾಲಿ ಪಾಕೀಟನ್ನು ಒಗೆಯುವುದಿಲ್ಲ, ಬಿಲ್ಲಿನ ಜೊತೆ ಮಡಿಚಿ ಸೂರಿನ ಸಂದಿಯಲ್ಲಿ ಸಿಕ್ಕಿಸಿ ಇಡುತ್ತಾನೆ. ಯಾಕಂದ್ರ ನಕಲಿ ಬೀಜದ ಏಟು ಹೆಂಗಿರ್ತದ ಅಂತ ಈ ನಡಿಗಡ್ಡೆಯ ಮಂದಿಗೆ ಯಾರೂ ಹೇಳಿಕೊಡಬೇಕಿಲ್ಲ.

ಅದೇ ರೈತ ದೊಡ್ಡ ಊರಿನ ದವಾಖಾನೆಗೆ ಹೋಗಿ ತನ್ನ ದವಡೆ ಎಲುಬಿನೊಳಗೆ ಒಂದು ಪುಡಿ ತುಂಬಿಸಿಕೊಂಡು ಬರುತ್ತಾನೆ. ಅದು ಯಾವ ಪುಡಿ, ಯಾವ ಕಂಪನಿಯದು, ದನದ್ದೋ ಹಂದಿಯದ್ದೋ, ಭಟ್ಟಿಯಲ್ಲಿ ಸುಟ್ಟು ಮಾಡಿದ್ದೋ, ಒಂದೂ ಕೇಳುವುದಿಲ್ಲ. ರೊಕ್ಕ ಎಣಿಸಿ ಕೊಟ್ಟು, ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಸ್ಸು ಹತ್ತುತ್ತಾನೆ. ಆ ರೈತ ಬೇರೆ ಯಾರೂ ಅಲ್ಲ, ಈ ಲೇಖನ ಬರೆಯುತ್ತಿರುವ ನಾನೇ. ಅದಕ್ಕೇ ಇದನ್ನು ಬರೆಯುವ ಹಕ್ಕೂ ನನಗಿದೆ, ನಾಚಿಕೆಯೂ ನನಗಿದೆ.

ಎರಡು ವರ್ಷದ ಹಿಂದೆ ನನ್ನ ಬಲಗಡೆ ಕೆಳದವಡೆಯ ಎರಡು ಹಲ್ಲು ಅಲುಗಾಡತೊಡಗಿದವು. ವಸಡಿನಲ್ಲಿ ಕೀವು. ಒಂದು ಖಾಸಗಿ ದಂತ ದವಾಖಾನೆಗೆ ಹೋದೆ. ಊರ ಹೆಸರು, ದವಾಖಾನೆಯ ಹೆಸರು ಇಲ್ಲಿ ಬೇಡ. ನನ್ನ ಜಗಳ ಒಬ್ಬರ ಮೇಲಲ್ಲ, ಒಂದು ರೂಢಿಯ ಮೇಲೆ. ಹಲ್ಲು ಎರಡೂ ಕಿತ್ತರು. "ಹಲ್ಲಿನ ಬುಡದ ಎಲುಬು ಕರಗಿ ಹೋಗಿದೆ, ಬೋನ್ ಪೌಡರ್ ತುಂಬುತ್ತೇವೆ, ಐದಾರು ತಿಂಗಳು ಬಿಟ್ಟು ಸ್ಕ್ರೂ ಕೂಡಿಸಿ ಹಲ್ಲು ಕಟ್ಟೋಣ" ಅಂದರು. ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಕಾಗದ ಮುಂದಿಟ್ಟರು, ಸಹಿ ಮಾಡಿದೆ. ಬಿಲ್ಲಿನಲ್ಲಿ "ಬೋನ್ ಗ್ರಾಫ್ಟ್, 1" ಎಂದು ಒಂದೇ ಸಾಲು, ಅದರ ಮುಂದೆ ಒಂದು ದೊಡ್ಡ ಮೊತ್ತ. ಕ್ರಾಸಿಂಗ್ ಕೂಲಿಯವರಿಗೆ ವಾರವಿಡೀ ಕೊಡುವಷ್ಟು ರೊಕ್ಕ ಅರ್ಧ ಗ್ರಾಂ ಪುಡಿಗೆ ಹೋಯಿತು. ಗಾಯ ಚೆನ್ನಾಗಿಯೇ ಮಾಯಿತು. ಅದನ್ನು ಒಪ್ಪಿಕೊಳ್ಳಬೇಕು.

ಮಾಯದೆ ಉಳಿದದ್ದು ಬೇರೆ. ಹೋಟೆಲಿನ ಕಟ್ಟೆಯ ಮೇಲೆ ಯಾರೋ ಅಂದರಂತೆ, "ಅದು ದನದ ಎಲುಬಿನ ಪುಡಿ, ನಾಯಿದೂ ಇರ್ತದ." ಮಾತು ಅವ್ವನ ಕಿವಿಗೆ ಬಿತ್ತು. ಸಂಜೆ ಒಲೆ ಮುಂದೆ ಕೂತು ಕೇಳಿದಳು: "ಯಪ್ಪಾ, ನಿನ್ನ ಬಾಯಾಗ ಹಾಕ್ಯಾರಲ್ಲ, ಅದು ಯಾವ ಪ್ರಾಣಿ ಎಲುಬು?" ನನಗೆ ಗೊತ್ತಿರಲಿಲ್ಲ. ಮರುದಿನ ದವಾಖಾನೆಗೆ ಫೋನು ಹಚ್ಚಿದೆ. ಆ ಕಡೆಯ ಹುಡುಗಿ ನಕ್ಕು, "ಇಂಪೋರ್ಟೆಡ್ ಅದು, ಒಳ್ಳೇದೇ ಹಾಕಿದ್ದೇವೆ" ಅಂದಳು. ಹೆಸರು ಕೇಳಿದೆ. "ಡಬ್ಬಿ ಒಗೆದಿದ್ದೇವೆ" ಅಂದಳು. ಡಾಕ್ಟರರಿಗೆ ಕೊಡು ಅಂದೆ. ಡಾಕ್ಟರರು, "ನಿಮಗೆ ಅದೆಲ್ಲ ಅರ್ಥ ಆಗೋದಿಲ್ಲ, ಗಾಯ ಮಾಯ್ತಲ್ಲ, ಬಿಡಿ" ಅಂದರು.

ಅವ್ವ ಪ್ರತಿ ವರ್ಷ ಆಲಂಪುರದ ಜೋಗುಳಾಂಬೆಗೆ ಹೋಗುವಾಗ ತೆಂಗಿನಕಾಯಿ ನನ್ನ ಕೈಯಿಂದಲೇ ಕೊಡಿಸುತ್ತಿದ್ದಳು. ಆ ವರ್ಷ ನನ್ನ ತಮ್ಮನ ಕೈಗೆ ಕೊಟ್ಟಳು. ನನಗೆ ಒಂದು ಮಾತೂ ಅನ್ನಲಿಲ್ಲ. ತಿರುಗಿ ಬರುವಾಗ ಆಟೋದಲ್ಲಿ ಮೆಲ್ಲಗೆ ಅಂದಳು: "ಗೊತ್ತಿಲ್ಲ ಅಂತ ಹೇಳಬ್ಯಾಡೋ. ಸುಳ್ಳರ ಹೇಳು, ನನಗ ಸಮಾಧಾನ ಆತದ." ನಾನು ಸುಳ್ಳು ಹೇಳಲಿಲ್ಲ, ನಿಜ ನನ್ನ ಹತ್ತಿರ ಇರಲಿಲ್ಲ. ಕಳೆದ ಮಾಘದಲ್ಲಿ ಅವ್ವ ತೀರಿಕೊಂಡಳು. ಅರ್ಧ ಗ್ರಾಂ ಪುಡಿಯ ಹೆಸರು ಹೇಳಲು ಒಬ್ಬರಿಗೆ ಪುರಸೊತ್ತಿರಲಿಲ್ಲ ಎಂಬ ಕಾರಣಕ್ಕೆ ತಾಯಿ ಮಗನ ನಡುವೆ ಒಂದು ಗೋಡೆ ಎದ್ದಿತು.

ಹಂಗಂತ ನಾನು ಎಲುಬಿನ ಪುಡಿಯ ವಿರೋಧಿ ಅಲ್ಲ. ಅದು ಮನುಷ್ಯ ಕಂಡುಕೊಂಡ ಒಳ್ಳೆಯ ವಿದ್ಯೆ. ನನ್ನ ವಾದ ಒಂದೇ. ಹೆಸರಿಲ್ಲದ ಪುಡಿ ನಮ್ಮ ಎಲುಬಿನೊಳಗೆ ಹೋಗಬಾರದು. ಹೇಳುವುದು ಅವರ ಕರ್ತವ್ಯ, ಕೇಳುವುದು ನಮ್ಮ ಕರ್ತವ್ಯ. ಇಬ್ಬರೂ ತಪ್ಪಿದ್ದೇವೆ.

ಮೊದಲು ಆ ಪುಡಿ ಏನೆಂದು ತಿಳಿಯೋಣ. "ಅರ್ಥ ಆಗೋದಿಲ್ಲ" ಅಂದ ಮಾತು ಸುಳ್ಳು ಎಂಬುದು ಆಗ ಗೊತ್ತಾಗುತ್ತದೆ.

ನಮ್ಮ ಎಲುಬಿನ ತೂಕದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಖನಿಜ. ಉಳಿದದ್ದು ಕೊಲಾಜೆನ್ ಎಂಬ ನಾರು ಮತ್ತು ನೀರು. ಆ ಖನಿಜ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕೂಡಿ ಆದದ್ದು. ಹೈಡ್ರಾಕ್ಸಿ ಅಪಟೈಟ್ ಎಂದು ಅದರ ಹೆಸರು. ಹೆಸರು ದೊಡ್ಡದು, ವಸ್ತು ನಮ್ಮ ಮನೆಯದೇ. ಎಲೆ ಅಡಿಕೆಗೆ ಹಚ್ಚುವ ಸುಣ್ಣದಲ್ಲಿ ಇರುವುದು ಕ್ಯಾಲ್ಸಿಯಂ. ನಾವು ಹೊಲಕ್ಕೆ ಹಾಕುವ ಡಿಎಪಿಯಲ್ಲಿ ಇರುವುದು ಫಾಸ್ಫೇಟ್. ಆ ಫಾಸ್ಫೇಟ್ ಬರುವುದೂ ಭೂಮಿಯಿಂದ ಅಗೆದ ಅಪಟೈಟ್ ಜಾತಿಯ ಕಲ್ಲಿನಿಂದಲೇ. ಪ್ರಯೋಗಶಾಲೆಯಲ್ಲಿ ಶುದ್ಧವಾದ ಕ್ಯಾಲ್ಸಿಯಂ ಲವಣವನ್ನೂ ಶುದ್ಧವಾದ ಫಾಸ್ಫೇಟನ್ನೂ ನೀರಿನಲ್ಲಿ ಅಳತೆಯಿಂದ ಕೂಡಿಸಿದರೆ ತಳದಲ್ಲಿ ಬಿಳಿ ಗಸಿ ಕೂಡುತ್ತದೆ. ಅದನ್ನು ಸೋಸಿ, ಒಣಗಿಸಿ, ಸಾವಿರ ಡಿಗ್ರಿಗೂ ಮೇಲಿನ ಶಾಖದಲ್ಲಿ ಸುಟ್ಟರೆ ಗಟ್ಟಿ ಹರಳು. ಇದೇ ಕೃತಕ ಎಲುಬಿನ ಪುಡಿ. ಇದರಲ್ಲಿ ದನವೂ ಇಲ್ಲ, ಹಂದಿಯೂ ಇಲ್ಲ, ನಾಯಿಯೂ ಇಲ್ಲ. ಹಾಗಂತ ಯಾರೂ ಮನೆಯ ಸುಣ್ಣವನ್ನು ಹಲ್ಲಿನ ತೂತಿಗೆ ತುಂಬಿಕೊಳ್ಳಬೇಡಿರಿ, ಬಾಯಿ ಸುಟ್ಟೀತು!

ಇದು ನಿನ್ನೆ ಮೊನ್ನೆ ಹುಟ್ಟಿದ ವಿದ್ಯೆಯೂ ಅಲ್ಲ. 1892ರಲ್ಲಿ ಜರ್ಮನಿಯ ಡ್ರೀಸ್‌ಮನ್ ಎಂಬ ವೈದ್ಯ ಎಲುಬಿನ ಗುಂಡಿಗಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿದ್ದನ್ನು ಬರೆದಿಟ್ಟ. 1920ರಲ್ಲಿ ಅಮೆರಿಕದ ಫ್ರೆಡ್ ಆಲ್ಬಿ ಕ್ಯಾಲ್ಸಿಯಂ ಫಾಸ್ಫೇಟನ್ನು ಎಲುಬಿಗೆ ಬಳಸಿ ನೋಡಿದ. 1969ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಲ್ಯಾರಿ ಹೆಂಚ್ ಎಲುಬಿಗೆ ಅಂಟಿಕೊಳ್ಳುವ ಒಂದು ಬಗೆಯ ಗಾಜನ್ನೇ ತಯಾರಿಸಿದ. ಬಯೋಗ್ಲಾಸ್ ಎಂದು ಅದರ ಹೆಸರು. ನಮ್ಮ ದೇಶವೂ ಕೈಕಟ್ಟಿ ಕೂತಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ, ಕೋಲ್ಕತ್ತದ ಕೇಂದ್ರ ಗಾಜು ಮತ್ತು ಸೆರಾಮಿಕ್ ಸಂಶೋಧನಾ ಸಂಸ್ಥೆ ಇಂಥ ಪದಾರ್ಥಗಳ ಮೇಲೆ ಬಹಳ ವರ್ಷದಿಂದ ಕೆಲಸ ಮಾಡಿವೆ. "ಇಂಪೋರ್ಟೆಡ್" ಎಂಬ ಒಂದು ಶಬ್ದಕ್ಕೆ ಕೈಮುಗಿದು ಬಾಯಿ ಮುಚ್ಚಿಕೊಳ್ಳುವ ಕಾರಣ ನಮಗಿಲ್ಲ.

ಈಗ ದವಾಖಾನೆಯಲ್ಲಿ ತುಂಬುವುದರಲ್ಲಿ ನಾಲ್ಕು ಬಗೆ ಇವೆ. ಒಂದು, ನಮ್ಮದೇ ಎಲುಬು. ಗದ್ದದಿಂದಲೋ ದವಡೆಯ ಹಿಂಬದಿಯಿಂದಲೋ, ದೊಡ್ಡ ಗುಂಡಿಯಿದ್ದರೆ ಸೊಂಟದಿಂದಲೋ ಕೆರೆದು ತೆಗೆದದ್ದು. ಎರಡು, ದಾನ ಕೊಟ್ಟ ಬೇರೆ ಮನುಷ್ಯನ ಎಲುಬು, ಶುದ್ಧಮಾಡಿ ಒಣಗಿಸಿದ್ದು. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1988ರಿಂದಲೇ ಅಂಥ ಅಂಗಾಂಶ ಭಂಡಾರವಿದೆ. ಮೂರು, ಪ್ರಾಣಿಯದು, ಹೆಚ್ಚಾಗಿ ದನದ ಎಲುಬು, ಕೆಲವು ಹಂದಿಯದು. ಅದರ ಮಾಂಸ, ಕೊಬ್ಬು, ನಾರುಗಳನ್ನು ಶಾಖದಿಂದಲೂ ರಾಸಾಯನಿಕದಿಂದಲೂ ತೆಗೆದು ಖನಿಜದ ಗೂಡನ್ನಷ್ಟೇ ಉಳಿಸಿರುತ್ತಾರೆ. ನಾಲ್ಕು, ಮೇಲೆ ಹೇಳಿದ ಕೃತಕ ಪುಡಿ.

ಕೃತಕದಲ್ಲೂ ತಳಿಗಳುಂಟು, ನಮ್ಮ ಹತ್ತಿಯಲ್ಲಿ ಇದ್ದ ಹಾಗೆ. ಹೈಡ್ರಾಕ್ಸಿ ಅಪಟೈಟ್ ಬಲು ನಿಧಾನ ಕರಗುತ್ತದೆ, ವರ್ಷಗಟ್ಟಲೆ ಹಾಗೇ ಕೂತಿರುತ್ತದೆ. ಬೀಟಾ ಟ್ರೈ ಕ್ಯಾಲ್ಸಿಯಂ ಫಾಸ್ಫೇಟ್ ಎಂಬುದು ತಿಂಗಳುಗಳ ಲೆಕ್ಕದಲ್ಲಿ ಕರಗಿ ಹೊಸ ಎಲುಬಿಗೆ ಜಾಗ ಬಿಡುತ್ತದೆ. ಎರಡನ್ನೂ ಬೆರೆಸಿದ ಪುಡಿಯೂ ಸಿಗುತ್ತದೆ. ಯಾವ ಗುಂಡಿಗೆ ಯಾವುದು ಎಂದು ತೀರ್ಮಾನಿಸುವುದು ಡಾಕ್ಟರರ ವಿದ್ಯೆ, ಅದರಲ್ಲಿ ನಾವು ಕೈ ಹಾಕಬಾರದು. ತೀರ್ಮಾನ ಏನಾಯಿತು ಎಂದು ತಿಳಿದುಕೊಳ್ಳುವುದು ಮಾತ್ರ ನಮ್ಮ ಹಕ್ಕು.

ಇಷ್ಟರಲ್ಲಿ ಅರ್ಥವಾಗದ್ದು ಏನಿದೆ ಹೇಳ್ರಿ? ನಮ್ಮ ಗದ್ವಾಲ ಸೀಮೆಯ ಹೆಣ್ಣುಮಕ್ಕಳು ಹತ್ತಿಯ ಮೊಗ್ಗು ಬಿಡಿಸಿ, ಗಂಡು ಭಾಗ ಕಿತ್ತು, ಮರುದಿನ ಬೇರೆ ಗಿಡದ ಪರಾಗ ತಂದು ಹಚ್ಚಿ, ದಾರ ಕಟ್ಟಿ ಗುರುತು ಮಾಡುತ್ತಾರೆ. ಅದು ಸಸ್ಯಶಾಸ್ತ್ರದ ಪುಸ್ತಕದ ಪಾಠ, ಅವರು ಬಿಸಿಲಿನಲ್ಲಿ ಕೈಯಿಂದ ಮಾಡುತ್ತಾರೆ. ಜಿಓಟಿ ಫೇಲ್ ಆದರೆ ಇಡೀ ವರ್ಷದ ಬೀಜ ತಿರಸ್ಕಾರವಾಗುತ್ತದೆ ಎಂದು ಓದು ಬಾರದ ರೈತನಿಗೂ ಗೊತ್ತು. ತಳಿಶುದ್ಧಿಯ ಪರೀಕ್ಷೆ ಅರ್ಥವಾಗುವ ತಲೆಗೆ ನಾಲ್ಕು ಬಗೆಯ ಎಲುಬು ಅರ್ಥವಾಗುವುದಿಲ್ಲವೆ? "ನಿಮಗೆ ಅರ್ಥ ಆಗೋದಿಲ್ಲ" ಎಂಬ ಮಾತಿನಲ್ಲಿ ನಮ್ಮ ಬುದ್ಧಿಯ ಅಳತೆ ಇಲ್ಲ, ಹೇಳುವವರ ಸೋಮಾರಿತನದ ಅಳತೆ ಇದೆ.

ಡಾಕ್ಟರರ ಕಡೆಯವರು ಎರಡು ಮಾತು ಹೇಳುತ್ತಾರೆ. ಮೊದಲನೆಯದು, "ದನದ್ದು ಅಂತ ಹೇಳಿದರೆ ಹಳ್ಳಿಯವರು ಹೆದರಿ ಓಡಿಹೋಗುತ್ತಾರೆ, ಚಿಕಿತ್ಸೆ ತಪ್ಪುತ್ತದೆ." ಸ್ವಾಮಿ, ಹೇಳದೆ ಹಾಕಿದರೆ ಭಯ ಹೋಗುವುದಿಲ್ಲ, ಹೋಟೆಲಿನ ಕಟ್ಟೆಗೆ ಹೋಗಿ ಕೂಡುತ್ತದೆ. ಅಲ್ಲಿ ದನ ನಾಯಿಯಾಗುತ್ತದೆ. ನೀವು ಮೊದಲೇ "ಇದು ದನದ ಎಲುಬಿನಿಂದ ಆದದ್ದು, ಹೀಗೆ ಶುದ್ಧಮಾಡಿದ್ದು, ಬೇಡವಾದರೆ ಕೃತಕದ್ದು ಇದೆ, ಗುಣ ಇಷ್ಟು, ಬೆಲೆ ಇಷ್ಟು" ಎಂದಿದ್ದರೆ ನಾನು ಕೃತಕದ್ದು ಕೇಳುತ್ತಿದ್ದೆ. ಇಲ್ಲವೆ ಒಳ್ಳೆಯದೆಂದು ದನದ್ದನ್ನೇ ಒಪ್ಪಿ, ಅವ್ವನ ಎದುರು ಕೂತು, ಒಪ್ಪಿದ್ದು ಯಾಕೆಂದು ಹೇಳುತ್ತಿದ್ದೆ. ಎರಡೂ ಗೌರವದ ದಾರಿಗಳು. ನಮ್ಮ ಓಣಿಯ ಮುಸ್ಲಿಂ ಗೆಳೆಯ ಒಬ್ಬ ನನ್ನ ಕತೆ ಕೇಳಿ ಹಲ್ಲಿನ ಚಿಕಿತ್ಸೆಯನ್ನೇ ಮುಂದೂಡಿದ್ದಾನೆ. ಅವನ ಹೆದರಿಕೆ ಹಂದಿಯದು. ಅವನಿಗೂ ಬೇಕಾಗಿರುವುದು ಒಂದು ಸಾಲಿನ ಉತ್ತರ.

ಎರಡನೆಯ ಮಾತು, "ಪೇಷಂಟು ಸಾಲುಗಟ್ಟಿ ಕೂತಿರ್ತಾರೆ, ಎಲ್ಲರಿಗೂ ಪಾಠ ಹೇಳೋಕೆ ಟೈಮಿಲ್ಲ." ಪಾಠ ಬೇಡ. ಇಂಥ ಎಷ್ಟೋ ಡಬ್ಬಿಗಳಲ್ಲಿ ಸುಲಿದು ಅಂಟಿಸುವ ಚೀಟಿ ಕಂಪನಿಯವರೇ ಇಟ್ಟಿರುತ್ತಾರೆ, ರೋಗಿಯ ಕಾಗದಕ್ಕೆ ಹಚ್ಚಲೆಂದೇ. ಅದನ್ನು ಸುಲಿದು ನನ್ನ ಬಿಲ್ಲಿನ ಹಿಂದೆ ಅಂಟಿಸಲು ಅರ್ಧ ನಿಮಿಷ ಸಾಕು. ಚೀಟಿ ಇಲ್ಲದಿದ್ದರೆ ಹೆಸರು, ಲಾಟ್ ನಂಬರ್ ಕೈಯಿಂದ ಬರೆಯಲು ಒಂದು ನಿಮಿಷ. ಬಿಲ್ಲು ಬರೆಯಲು ಅವರಿಗೆ ಎಂದೂ ಟೈಮು ಕಡಿಮೆಯಾಗಿದ್ದನ್ನು ನಾನು ಕಂಡಿಲ್ಲ.

ಕಾನೂನೂ ನಮ್ಮ ಕಡೆಗಿದೆ. 2008ರ ಜನವರಿಯಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇದನ್ನೇ: ಮಾಡುವ ಚಿಕಿತ್ಸೆ ಏನು, ಲಾಭವೇನು, ಅಪಾಯವೇನು, ಬೇರೆ ದಾರಿ ಏನಿದೆ ಎಂದು ತಿಳಿಸಿದ ಮೇಲೆ ಪಡೆದ ಒಪ್ಪಿಗೆಯೇ ಒಪ್ಪಿಗೆ. ವೈದ್ಯಕೀಯ ಸಾಧನಗಳ ನಿಯಮಗಳು 2017ರಲ್ಲಿ ಬಂದು 2018ರ ಜನವರಿ 1ರಿಂದ ಜಾರಿಯಲ್ಲಿವೆ. ಅವುಗಳ ಪ್ರಕಾರ ಡಬ್ಬಿಯ ಮೇಲೆ ಸಾಧನದ ಹೆಸರು, ತಯಾರಕರ ವಿಳಾಸ, ಲಾಟ್ ನಂಬರ್, ಅವಧಿ, ಪರವಾನಗಿ ನಂಬರ್ ಇರಲೇಬೇಕು. ಅಂದರೆ ನಾನು ಕೇಳಿದ ಉತ್ತರವೆಲ್ಲ ಆ ಡಬ್ಬಿಯ ಮೇಲೆ ಅಚ್ಚಾಗಿಯೇ ಇತ್ತು. ಅದು ಕಸದ ಬುಟ್ಟಿಗೆ ಹೋಯಿತು, ನನ್ನ ಕೈಗೆ ಬರಲಿಲ್ಲ.

ಒಪ್ಪಿಗೆಯ ಕಾಗದದ ಭಾಷೆಯ ಮಾತೂ ಇದೆ. ನಾವು ಗಡಿಯ ಮಂದಿ. 1956ರವರೆಗೆ ಈ ಗದ್ವಾಲ, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲೇ ಇದ್ದವು. ಇವತ್ತು ಹಲ್ಲು ನೋವೆಂದರೆ ತುಂಗಭದ್ರೆ ದಾಟಿ ಕರ್ನೂಲಿಗೆ ಹೋಗುತ್ತೇವೆ, ಇಲ್ಲವೆ ರಾಯಚೂರಿಗೆ, ಇಲ್ಲವೆ ಹೈದರಾಬಾದಿಗೆ. ಮೂರು ರಾಜ್ಯ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಸಹಿ ಮಾಡುವುದು ಇಂಗ್ಲಿಷಿನ ಮೇಲೆ! ಓದಲು ಬಾರದ ಕಾಗದದ ಮೇಲೆ ಹಾಕಿದ ಸಹಿ ಒಪ್ಪಿಗೆ ಅಲ್ಲ, ಹೆಬ್ಬೆಟ್ಟಿನ ಇನ್ನೊಂದು ರೂಪ ಅಷ್ಟೇ. ಕಾಗದ ಕನ್ನಡದಲ್ಲೋ ತೆಲುಗಿನಲ್ಲೋ ಇರಲಿ, ಇಲ್ಲವೆ ಬಾಯಿಬಿಟ್ಟು ಓದಿ ಹೇಳಲಿ.

ಲಾಟ್ ನಂಬರಿನ ಹಠ ಬರೀ ಮಡಿ ಮೈಲಿಗೆಯ ಮಾತಲ್ಲ, ಜೀವದ ಮಾತು. 2021ರಲ್ಲಿ ಅಮೆರಿಕದಲ್ಲಿ ನಡೆದದ್ದನ್ನು ಕೇಳಿರಿ. ದಾನಿಯೊಬ್ಬನ ಎಲುಬಿನಿಂದ ತಯಾರಾದ ಒಂದೇ ಲಾಟಿನ ಪದಾರ್ಥ ನೂರಕ್ಕೂ ಹೆಚ್ಚು ಜನರ ಮೈ ಸೇರಿತ್ತು. ಅದರಲ್ಲಿ ಕ್ಷಯದ ರೋಗಾಣು ಇತ್ತು. ಹಲವರಿಗೆ ಕ್ಷಯ ಅಂಟಿತು, ಸಾವುಗಳೂ ಆದವು. ಕಂಪನಿ ಆ ಲಾಟನ್ನು ಹಿಂದಕ್ಕೆ ಕರೆಸಿತು. ಯಾವ ಲಾಟ್ ಯಾರ ಮೈಯಲ್ಲಿದೆ ಎಂದು ದಾಖಲೆ ಇದ್ದುದರಿಂದ ಒಬ್ಬೊಬ್ಬರನ್ನೇ ಹುಡುಕಿ ಔಷಧ ಕೊಡಲು ಬಂತು. ಅದು ಮನುಷ್ಯರ ಎಲುಬು. ಭಟ್ಟಿಯಲ್ಲಿ ಸುಟ್ಟ ಕೃತಕ ಪುಡಿಯಿಂದ ಇನ್ನೊಬ್ಬರ ರೋಗ ಬರುವ ಹೆದರಿಕೆ ಇಲ್ಲ. ಆದರೆ ನನ್ನ ದವಡೆಯಲ್ಲಿ ಇರುವುದು ಯಾವುದು? ನಾಳೆ ಅಂಥದೇ ಒಂದು ಲಾಟ್ ಕೆಟ್ಟಿದೆ ಎಂದು ಪತ್ರಿಕೆಯಲ್ಲಿ ಬಂದರೆ ನನ್ನನ್ನು ಹುಡುಕುವವರು ಯಾರು, ಯಾವ ಕಾಗದ ಹಿಡಿದು? ಬೀಜ ಕೆಟ್ಟರೆ ಒಂದು ವರ್ಷದ ಪೈರು ಹೋಗುತ್ತದೆ, ಅದಕ್ಕೇ ನಾವು ಪಾಕೀಟು ಕಾಯುತ್ತೇವೆ.

ಇಷ್ಟು ಡಾಕ್ಟರರಿಗೆ. ಈಗ ನಮ್ಮ ಕಟ್ಟೆಯ ಪಂಡಿತರಿಗೆ ಒಂದು ಮಾತು. 1668ರಲ್ಲಿ ಡಚ್ಚರ ವೈದ್ಯ ಮೀಕೆರೆನ್ ಒಂದು ಸಂಗತಿ ಬರೆದಿಟ್ಟಿದ್ದಾನೆ. ರಷ್ಯಾ ದೇಶದಲ್ಲಿ ಒಬ್ಬನ ತಲೆಬುರುಡೆಗೆ ಏಟು ಬಿದ್ದು, ನಾಯಿಯ ಎಲುಬಿನ ತುಂಡಿನಿಂದ ಅದನ್ನು ಮುಚ್ಚಿದರಂತೆ. ಗಾಯ ಮಾಯಿತು, ಆದರೆ ಚರ್ಚಿನವರು ಅವನನ್ನು ಹೊರಗೆ ಹಾಕಿದರು. ಆತ ಆ ಎಲುಬು ತೆಗೆದುಬಿಡಿರಿ ಎಂದು ಕೇಳಿಕೊಂಡನಂತೆ. ಮುನ್ನೂರೈವತ್ತು ವರ್ಷದ ಮೇಲಾಯಿತು, ನಮ್ಮ ಹೋಟೆಲಿನ ಕಟ್ಟೆ ಇನ್ನೂ ಆ ಚರ್ಚಿನಲ್ಲೇ ಕೂತಿದೆ. ಇವತ್ತು ಯಾವ ದಂತವೈದ್ಯರೂ ನಾಯಿಯ ಎಲುಬು ಹಾಕುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಆಡಿದ ಒಂದು ಮಾತು ಒಂದು ಮನೆಯೊಳಗೆ ಏನು ಮಾಡಿತು ಎಂದು ಆಡಿದವರಿಗೆ ತಿಳಿಯಲಿ ಎಂದೇ ಅವ್ವನ ಕತೆಯನ್ನು ಮುಚ್ಚಿಡದೆ ಬರೆದಿದ್ದೇನೆ.

ನಮ್ಮ ತಪ್ಪನ್ನೂ ಎಣಿಸಬೇಕು. ಕೃತಕ ಪುಡಿ ತಾನಾಗಿ ಎಲುಬಾಗುವುದಿಲ್ಲ. ಅದು ಬಳ್ಳಿಗೆ ಕಟ್ಟಿದ ಚಪ್ಪರ ಇದ್ದ ಹಾಗೆ. ಅದರ ಹರಳಿನ ಸಣ್ಣ ತೂತುಗಳಲ್ಲಿ ನಮ್ಮ ರಕ್ತನಾಳ ಹಬ್ಬಿ, ನಮ್ಮದೇ ಜೀವಕೋಶ ಬಂದು ಎಲುಬು ಕಟ್ಟಬೇಕು. ನಮ್ಮ ಸ್ವಂತ ಎಲುಬಿನಲ್ಲಿ ಆ ಜೀವಕೋಶ ಮೊದಲೇ ಇರುತ್ತವೆ; ಅದಕ್ಕೇ ಇವತ್ತಿಗೂ ಎಲ್ಲ ಪುಡಿಗಳನ್ನು ಹೋಲಿಸಿ ನೋಡುವುದು ಅದರ ಜೊತೆಗೇ. ಬಳ್ಳಿಯೇ ಒಣಗಿದ್ದರೆ ಚಪ್ಪರ ಏನು ಮಾಡೀತು? ಬೀಡಿ ಸೇದುವವರಲ್ಲಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ ಇದು ಕೈಕೊಡುವುದು ಹೆಚ್ಚು. ಮೊದಲು ಎಲುಬು ಕರಗಿದ್ದಾದರೂ ಯಾಕೆ? ಹಲ್ಲಿನ ಬುಡದಲ್ಲಿ ಕಟ್ಟಿದ ಕಿಟ್ಟ, ಅದರಿಂದ ಆದ ವಸಡಿನ ರೋಗ, ಮೇಲೆ ತಂಬಾಕು. ನಾನೇ ಇಪ್ಪತ್ತು ವರ್ಷ ಇಟ್ಟಂಗಿ ಪುಡಿಯಿಂದ ಹಲ್ಲು ತಿಕ್ಕಿದವನು, ತಂಬಾಕು ಅಗಿದವನು. ವಸಡಿನಿಂದ ರಕ್ತ ಬಂದಾಗ "ಉಷ್ಣ ಆಗ್ಯದ" ಅಂತ ಮಜ್ಜಿಗೆ ಕುಡಿದೆ. ಆಗ ಹೋಗಿ ಹಲ್ಲು ಶುಚಿ ಮಾಡಿಸಿಕೊಂಡಿದ್ದರೆ ಪುಡಿಯೂ ಬೇಕಿರಲಿಲ್ಲ, ಈ ಲೇಖನವೂ ಬೇಕಿರಲಿಲ್ಲ. ರಾಯಚೂರಿನಲ್ಲಿ ದಂತ ಕಾಲೇಜುಗಳಿವೆ, ಹೈದರಾಬಾದಿನಲ್ಲಿ ಸರಕಾರಿ ದಂತ ಕಾಲೇಜು ಇದೆ. ರಕ್ತ ಕಂಡ ಮೊದಲ ವಾರವೇ ತೋರಿಸಿಕೊಳ್ಳಿರಿ.

ಸರಕಾರಕ್ಕೂ ಒಂದು ಮಾತು. ಹೃದಯದ ಸ್ಟೆಂಟಿನ ಬೆಲೆ ಲಕ್ಷ ದಾಟುತ್ತಿದ್ದ ಕಾಲವಿತ್ತು. 2017ರ ಫೆಬ್ರವರಿಯಲ್ಲಿ ಬೆಲೆ ಕಟ್ಟುಮಾಡಿ, ಔಷಧ ಲೇಪಿಸಿದ ಸ್ಟೆಂಟನ್ನು 29,600 ರೂಪಾಯಿಗೆ ಇಳಿಸಿದರು. ಅದೇ ವರ್ಷದ ಆಗಸ್ಟಿನಲ್ಲಿ ಮೊಣಕಾಲಿನ ಕೃತಕ ಕೀಲಿಗೂ ಬೆಲೆ ಕಟ್ಟಿದರು. ಕ್ಯಾಲ್ಸಿಯಂ ಫಾಸ್ಫೇಟಿನ ಪುಡಿಯ ಕಡೆಗೂ ಆ ಕೈ ಚಾಚಲಿ. ತಿರುವನಂತಪುರದ ಅದೇ ಸಂಸ್ಥೆ ಹೃದಯದ ಕವಾಟವನ್ನು ಸ್ವಂತವಾಗಿ ಮಾಡಿ, 1990ರ ಡಿಸೆಂಬರಿನಲ್ಲಿ ಮೊದಲ ಸಲ ರೋಗಿಗೆ ಅಳವಡಿಸಿತು. ಕವಾಟ ಮಾಡಿದ ದೇಶಕ್ಕೆ ಎಲುಬಿನ ಪುಡಿಯನ್ನು ಬಡವನ ಕೈಗೆ ಎಟಕುವಂತೆ ಮಾಡುವುದು ಕಷ್ಟವಲ್ಲ.

ನಮ್ಮ ಶಾಲೆಯ ಮಾಸ್ತರರಲ್ಲಿ ನನ್ನ ವಿನಂತಿ. ಮಕ್ಕಳಿಗೆ ಎಲುಬಿನ ಪಾಠ ಹೇಳುವಾಗ ಸುಣ್ಣ, ಡಿಎಪಿ, ಎಲುಬು ಮೂರನ್ನೂ ಒಂದೇ ಹಲಗೆಯ ಮೇಲೆ ಬರೆಯಿರಿ. ಮನೆಯಲ್ಲಿರುವ ಮಾತ್ರೆಯ ಪಟ್ಟಿ ತರಿಸಿ, ಲಾಟ್ ನಂಬರ್, ಅವಧಿ ಓದಿಸಿರಿ. ಏಳನೇ ಇಯತ್ತೆಯ ಹುಡುಗಿ ಅಜ್ಜನ ಜೊತೆ ದವಾಖಾನೆಗೆ ಹೋಗಿ ಆ ಡಬ್ಬಿ ಓದಿ ಹೇಳುವ ಹಾಗಾದರೆ ಸಾಕು.

ಉಳಿದವರೆಲ್ಲ ಇಷ್ಟನ್ನು ಬಾಯಿಪಾಠ ಮಾಡಿರಿ. ಎಲುಬಿಗೆ ಏನನ್ನಾದರೂ ತುಂಬುತ್ತೇವೆ ಎಂದಾಗ, ತುಂಬುವ ಮೊದಲು ಕೇಳಬೇಕಾದದ್ದು: ಇದು ನನ್ನದೇ ಎಲುಬೋ, ಬೇರೆ ಮನುಷ್ಯನದೋ, ಪ್ರಾಣಿಯದೋ, ಕೃತಕವೋ? ಪ್ರಾಣಿಯದಾದರೆ ಯಾವ ಪ್ರಾಣಿ? ಅದರ ಮೇಲೆ ಹೊದಿಸುವ ಪೊರೆ ಯಾವುದರದು? ಪುಡಿ ಕೃತಕವಿದ್ದರೂ ಪೊರೆ ದನದ ಅಥವಾ ಹಂದಿಯ ಕೊಲಾಜೆನ್ ಇರಬಹುದು. ಇದನ್ನು ಕೇಳುವುದು ಎಲ್ಲರೂ ಮರೆಯುತ್ತಾರೆ. ಡಬ್ಬಿಯ ಮೇಲಿನ ಬೆಲೆ ಎಷ್ಟು, ನನ್ನಿಂದ ತೆಗೆದುಕೊಳ್ಳುವುದು ಎಷ್ಟು? ಕೊನೆಗೆ, ಚೀಟಿ ಕೊಡ್ರಿ. ದನಿ ಏರಿಸುವುದು ಬೇಡ, ಬೀಜದ ಅಂಗಡಿಯಲ್ಲಿ ಕೇಳುವ ದನಿಯಲ್ಲೇ ಕೇಳಿರಿ. ಕೊಡುವುದಿಲ್ಲ ಎಂದರೆ ಕುರ್ಚಿಯಿಂದ ಇಳಿದು ಬನ್ನಿರಿ. ಹಲ್ಲು ಒಂದು ವಾರ ಕಾಯುತ್ತದೆ.

ನಮ್ಮ ವಾಚನಾಲಯದಲ್ಲಿ ಒಂದು ದಪ್ಪ ನೋಟುಬುಕ್ಕು ತಂದು ಇಟ್ಟಿದ್ದೇನೆ. ಚೀಟಿ ತಂದವರು ಅದರ ಒಂದು ನಕಲನ್ನು ಅಲ್ಲಿ ಅಂಟಿಸಬಹುದು, ಹೆಸರು ಬರೆಯಬೇಕಿಲ್ಲ, ತಾರೀಕು ಸಾಕು. ಮೊದಲನೆಯ ಪುಟ ನನ್ನದು. ಅದರಲ್ಲಿ ಅಂಟಿಸಲು ನನ್ನ ಹತ್ತಿರ ಚೀಟಿ ಇಲ್ಲ, "ಬೋನ್ ಗ್ರಾಫ್ಟ್, 1" ಎಂದು ಬರೆದ ಬಿಲ್ಲು ಮಾತ್ರ ಇದೆ. ಅದನ್ನೇ ಅಂಟಿಸಿದ್ದೇನೆ. ಎರಡನೆಯ ಪುಟದಿಂದ ಚೀಟಿಗಳು ಬರಲಿ.